ದೋಣಿರಾಯರು

ಪ್ರತಿ ಬಂಧುಬಳಗದಲ್ಲೂ ಕೇಳದಿದ್ದರೂ ಹಾಡುವ ಒಬ್ಬ ಗಾಯಕ, ಜಾತಕ ಬರೆಯುವ ಒಬ್ಬ ಚಿಕ್ಕಪ್ಪ, ಸೊಸೈಟಿ ಚುನಾವಣೆಯಲ್ಲಿ ಸೋತ ಒಬ್ಬ ಮುಖಂಡ ಇದ್ದೇ ಇರುತ್ತಾರೆ. ಇಷ್ಟು ಸಾಲದು ಅಂತ ಭಗವಂತನಿಗೆ ಅನ್ನಿಸಿದ ಮನೆತನಕ್ಕೆ ಒಬ್ಬ ದೋಣಿರಾಯನನ್ನೂ ದಯಪಾಲಿಸುತ್ತಾನೆ. ದೋಣಿರಾಯನಿಗೆ ಸ್ವಂತ ದೋಣಿ ಇಲ್ಲ, ಈಜು ಬರುವುದಿಲ್ಲ, ತೆಪ್ಪ ಹತ್ತಿದರೆ ತಲೆಸುತ್ತು. ಸಮುದ್ರ ಕಾಣದ ಬೆಂಗಳೂರಿನ ಮೂರನೇ ಮಹಡಿಯಲ್ಲಿ, ವಾಷಿಂಗ್ ಮಷೀನಿನ ಪಕ್ಕ ಮಣೆ ಹಾಕಿಕೊಂಡು, ಯುದ್ಧಕಾಲದ ಗಸ್ತು ದೋಣಿಗಳನ್ನು ಒಂದಕ್ಕೆ ಎಪ್ಪತ್ತೆರಡರ ಅಳತೆಯಲ್ಲಿ ಕಟ್ಟುತ್ತಿರುತ್ತಾನೆ. ಕಟ್ಟಿ ಮುಗಿಸಿದ್ದನ್ನು ಕಂಡವರಿಲ್ಲ.

ನನ್ನ ಪಾಲಿಗೆ ಬಂದವರು ನನ್ನ ಷಡ್ಡಕರು. ನಾನು ಭಾವ ಅನ್ನುತ್ತೇನೆ. ಹೆಣ್ಣು ನೋಡಲು ಹೋದಾಗ ಇವರ ಬಗ್ಗೆ ಯಾರೂ ಬಾಯಿ ಬಿಟ್ಟಿರಲಿಲ್ಲ.

ಈ ಜಾತಿಯವರನ್ನು ಗುರುತಿಸುವುದು ಕಷ್ಟವಲ್ಲ. ಹೆಬ್ಬೆರಳೂ ತೋರುಬೆರಳೂ ಫೆವಿಕ್ವಿಕ್ಕಿನಿಂದ ಆಗಾಗ ಅಂಟಿಕೊಂಡಿರುತ್ತವೆ. ಮದುವೆಮನೆಯಲ್ಲಿ ಅಕ್ಷತೆ ಹಾಕಿದರೆ ಅರ್ಧ ಕೈಯಲ್ಲೇ ಉಳಿಯುತ್ತದೆ. ಬ್ರಷ್ಷನ್ನು ಕಾಫಿ ಲೋಟದಲ್ಲಿ ಅದ್ದಿ, ಪೇಂಟಿನ ನೀರನ್ನು ಕುಡಿಯಲು ಎತ್ತುತ್ತಾರೆ. ಕಿಟ್ಟಿನ ಪ್ಲಾಸ್ಟಿಕ್ ಕಡ್ಡಿಯನ್ನು ದೇವರ ಮನೆಯ ದೀಪದ ಮೇಲೆ ಕಾಯಿಸಿ, ಕೂದಲೆಳೆಯಷ್ಟು ತೆಳ್ಳಗೆ ಎಳೆದು ಆಂಟೆನಾ ಮಾಡುತ್ತಾರೆ. ಮಂಚದ ಕೆಳಗೆ ಸೀಲು ಒಡೆಯದ ಕಿಟ್ಟುಗಳ ಡಬ್ಬಿಗಳು ಇಟ್ಟಿಗೆ ಗೂಡಿನಂತೆ ಪೇರಿಸಿರುತ್ತವೆ. ಹೊಸದು ಬಂದರೆ ಅತ್ತಿಗೆಗೆ ಗೊತ್ತಾಗಬಾರದೆಂದು ಭಾವ ಪಾರ್ಸೆಲ್ಲಿಗೆ ನಮ್ಮ ಮನೆ ವಿಳಾಸ ಕೊಡುತ್ತಾರೆ. ಕೊರಿಯರ್ ಹುಡುಗನ ಲೆಕ್ಕದಲ್ಲಿ ನಾನು ದೊಡ್ಡ ನೌಕಾಪಡೆಯ ಯಜಮಾನ.

ಇವರೆದುರು ಯಾವ ವಿವರವನ್ನೂ ಹಗುರವಾಗಿ ಹೇಳುವಂತಿಲ್ಲ. ಒಮ್ಮೆ ಹಬ್ಬದ ಊಟದಲ್ಲಿ ಪಕ್ಕದೆಲೆಯವರು, "ಅಮೆರಿಕದ ಪಿಟಿ ಬೋಟು ಬರೀ ಪ್ಲೈವುಡ್ಡಂತೆ ಅಲ್ವಾ?" ಅಂದುಬಿಟ್ಟರು. ಭಾವ ಬಾಯಿಗೆ ಹೊರಟಿದ್ದ ಹೋಳಿಗೆಯನ್ನು ಎಲೆಗೆ ಇಳಿಸಿದರು. ಪ್ಲೈವುಡ್ ಅಲ್ಲ, ಎರಡು ಪದರ ಮಹಾಗನಿ ಹಲಗೆ, ನಡುವೆ ಅಂಟು ಹಚ್ಚಿದ ಕ್ಯಾನ್ವಾಸು. ನ್ಯೂಜೆರ್ಸಿಯ ಎಲ್ಕೋ ಕಂಪನಿಯ ದೋಣಿ 80 ಅಡಿ, ಹಿಗಿನ್ಸ್ ಕಂಪನಿಯದು 78. ಮೂರು ಪ್ಯಾಕಾರ್ಡ್ ಎಂಜಿನ್ನು, ಒಂದೊಂದಕ್ಕೂ ಹನ್ನೆರಡು ಸಿಲಿಂಡರು, ಕುಡಿಯುವುದು 100 ಆಕ್ಟೇನ್ ಪೆಟ್ರೋಲು. ಮಜ್ಜಿಗೆ ಬಂದು ಹೋಯಿತು. ಕೇಳಿದವರು ಕೈ ತೊಳೆಯಲು ಎದ್ದರೆ ಭಾವ ಬಚ್ಚಲವರೆಗೂ ಹಿಂಬಾಲಿಸಿದರು.

ಇದನ್ನೆಲ್ಲ ಸಹಿಸಬಹುದು. ಆದರೆ ಕಾರವಾರ!

ಗೋಕರ್ಣ ದರ್ಶನ, ಆಮೇಲೆ ಕಾರವಾರದ ಕಡಲತೀರದಲ್ಲಿ ಒಂದು ಸಂಜೆ, ಮಕ್ಕಳಿಗೆ ಮರಳಾಟ ಅಂತ ಹೊರಟಿದ್ದೆವು. ಕಾರು ನನ್ನದು, ಪೆಟ್ರೋಲು ನನ್ನದು, ದಾರಿ ಭಾವನದು. ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಅನ್ನುವ ಕ್ಷಿಪಣಿ ದೋಣಿಯನ್ನು ದಡಕ್ಕೇರಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಗೋಕರ್ಣದ ಮಹಾಬಲೇಶ್ವರನಿಗೆ ಹತ್ತು ನಿಮಿಷ ಸಿಕ್ಕಿತು. ಚಪಲ್‌ಗೆ ಇಡೀ ಮಧ್ಯಾಹ್ನ.

ಭಾವ ಟೇಪು, ದಾರ, ಟಾರ್ಚು ಹಿಡಿದು ಇಳಿದರು. ಡೆಕ್ಕಿನ ಮೇಲೆ ಮೊಣಕಾಲೂರಿ ಅಳೆಯುವುದು, "ಬರ್ಕೋ" ಅನ್ನುವುದು. ಬರೆಯುವವನು ನಾನು. ಕಂಬಿಗೂ ಕಂಬಿಗೂ ನಡುವಿನ ಅಂತರ, ಬಾಗಿಲ ಹಿಡಿಯ ಉದ್ದ, ಏಣಿಯ ಮೆಟ್ಟಿಲ ದಪ್ಪ. ಬಿಸಿಲಿಗೆ ಮಕ್ಕಳ ಐಸ್‌ಕ್ರೀಮು ಕರಗಿ ನನ್ನ ಪುಸ್ತಕದ ಮೇಲೆ ಬಿತ್ತು. ಕಲೆಯ ಪಕ್ಕ 'ಇದು ಅಳತೆ ಅಲ್ಲ' ಅಂತ ಬರೆಸಿದರು.

ಅಷ್ಟರಲ್ಲಿ ಒಬ್ಬ ತಂದೆ ಮಗನಿಗೆ ವಿವರಿಸುತ್ತಿದ್ದರು: "ನೋಡು ಪುಟ್ಟ, ಎಪ್ಪತ್ತೊಂದರಲ್ಲಿ ಕರಾಚಿ ಸುಟ್ಟಿದ್ದು ಇದೇ."

ನಾನು ಕಣ್ಣು ಮುಚ್ಚಿಕೊಂಡೆ.

"ಇದಲ್ಲ ಸ್ವಾಮಿ," ಭಾವ ಎದ್ದರು. "1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದವು ನಿಪಾತ್, ನಿರ್ಘಾತ್, ವೀರ್. ಈ ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಅವುಗಳ ಕ್ಷಿಪಣಿ ಗೂಡು ಪೆಟ್ಟಿಗೆಯಾಕಾರ, ಇದರದ್ದು ದುಂಡಗೆ. ಅವುಗಳ ಎಂಜಿನ್ನಿಗೆ 42 ಸಿಲಿಂಡರು, ಇದರದ್ದಕ್ಕೆ 56." ಆ ತಂದೆ ಮಗನ ಮುಂದೆ ತಮ್ಮ ಗೌರವ ಇಳಿದದ್ದನ್ನು ನೋಡುತ್ತಾ ನಿಂತರು. ಹುಡುಗ ಮಾತ್ರ ಬಾಯಿ ತೆರೆದು ಕೇಳುತ್ತಿದ್ದ. ಮುಂದಿನ ದೋಣಿರಾಯ ಹುಟ್ಟಿದ್ದು ನನ್ನ ಕಣ್ಣೆದುರೇ.

"ಭಾವ, ನೀವು ಕಟ್ತಿರೋದು ನಿಪಾತ್. ಹಾಗಾದರೆ ಈ ಬೇರೆ ದೋಣಿಯನ್ನ ಯಾಕೆ ಅಳೀತಿದ್ದೀವಿ?" ಅಂದೆ.

"ಒಡಲು ಒಂದೇ ಕಣಯ್ಯ, 38.6 ಮೀಟರು. ಅಕ್ಕ ಸಿಗದಿದ್ದರೆ ತಂಗಿಯನ್ನು ನೋಡಿಕೊಂಡು ಬರಬೇಕಪ್ಪ."

ಕಾರಿನ ಹತ್ತಿರ ನಿಂತಿದ್ದ ಅಕ್ಕತಂಗಿಯರಿಬ್ಬರೂ ಒಟ್ಟಿಗೆ ತಿರುಗಿ ನೋಡಿದರು. ಸೂರ್ಯ ಮುಳುಗಿದ. ಮರಳಾಟ ಆಡದ ಮಕ್ಕಳನ್ನು ಹಿಂದಿನ ಸೀಟಿಗೆ ತುಂಬಿಕೊಂಡು ವಾಪಸು ಹೊರಟೆವು. ಶಿರಸಿ ದಾಟುವವರೆಗೆ ಕಾರಿನಲ್ಲಿ ಮಾತಾಡಿದ್ದು ಭಾವ ಒಬ್ಬರೇ, ಬೂದುಬಣ್ಣದ ವಿಧಗಳ ಬಗ್ಗೆ.

ನಿಪಾತ್ ಇನ್ನೂ ಬರೀ ಒಡಲು. ಅದಕ್ಕೂ ಮೊದಲು ಶುರುವಾದ ಪಿಟಿ-109ರ ಕಥೆ ಬೇರೆ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿ ನಡೆಸುತ್ತಿದ್ದ ದೋಣಿ ಅದು. 1943ರ ಆಗಸ್ಟ್ 2ರ ಕತ್ತಲಲ್ಲಿ, ಸಾಲೊಮನ್ ದ್ವೀಪಗಳ ಬಳಿ, ಜಪಾನಿನ ಅಮಗಿರಿ ಎಂಬ ಡಿಸ್ಟ್ರಾಯರ್ ಹಾಯ್ದು ಎರಡು ಹೋಳಾಯಿತು. ಭಾವನ ಮಣೆಯ ಮೇಲೆ ಅದು ಒಂದೂಕಾಲಡಿಯೂ ಇಲ್ಲದ, ಇನ್ನೂ ಹೋಳಾಗದ ಹಸಿರು ದೋಣಿ. ಎಲ್ಲಾ ಕೂತಿದೆ, ಮುಂಭಾಗದ ತೊಲೆಗಳನ್ನು ಬಿಟ್ಟು. ಆ ಕೊನೆಯ ಗಸ್ತಿಗೆ ಮುಂಚೆ ಕೆನಡಿಯವರು ಭೂಸೇನೆಯ 37 ಮಿಲಿಮೀಟರಿನ ಟ್ಯಾಂಕ್ ನಿರೋಧಕ ತೋಪೊಂದನ್ನು ಸಂಪಾದಿಸಿ, ಮರದ ತೊಲೆಗಳ ಆಧಾರ ಕೊಟ್ಟು ಡೆಕ್ಕಿಗೆ ಬಿಗಿಸಿದ್ದರು. ತೊಲೆ ಉದ್ದಕ್ಕಿತ್ತೋ ಅಡ್ಡಕ್ಕಿತ್ತೋ? ಭಾವನಿಗೆ ತೃಪ್ತಿಯಾಗುವಂಥ ಫೋಟೋ ಸಿಕ್ಕಿಲ್ಲ. ಎರಡು ಬೆಂಕಿಕಡ್ಡಿ ಗಾತ್ರದ ಮರಕ್ಕಾಗಿ ದೋಣಿ ನಿಂತೇ ಇದೆ. ಮಗಳ ಮದುವೆಗೆ ಛತ್ರ ಗೊತ್ತು ಮಾಡುವಾಗಲೂ ಇವರು ಇಷ್ಟು ತಲೆಕೆಡಿಸಿಕೊಳ್ಳಲಿಲ್ಲ.

"ಯಾವ ಕಡೆಗಾದರೂ ಅಂಟಿಸಿ ಭಾವ. ಕೆನಡಿ ಬಂದು ಕೇಳ್ತಾರಾ?" ಅಂತ ಒಂದು ದಿನ ರೇಗಿದೆ.

ಭಾವ ಚಿಮ್ಮಟ ಕೆಳಗಿಟ್ಟರು. ಆ ರಾತ್ರಿ ದೋಣಿಯಲ್ಲಿ ಹದಿಮೂರು ಜನ ಇದ್ದರಂತೆ. ಇಬ್ಬರು ಅಲ್ಲೇ ಹೋದರು. ಉಳಿದವರು ತೇಲುತ್ತಿದ್ದ ಮುಂಭಾಗಕ್ಕೆ ಆತುಕೊಂಡು ಮಧ್ಯಾಹ್ನದವರೆಗೆ ಕಾದು, ಆಮೇಲೆ ಒಂದು ಸಣ್ಣ ದ್ವೀಪದ ಕಡೆ ಈಜಿದರು. ಸುಟ್ಟಗಾಯವಾಗಿದ್ದ ಒಬ್ಬನ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಕೆನಡಿ ಹಲ್ಲಲ್ಲಿ ಕಚ್ಚಿ ಎಳೆದುಕೊಂಡು ಹೋದರು. ಈಜು ಸರಿಯಾಗಿ ಬಾರದವರು ಹಿಡಿದುಕೊಂಡದ್ದು ತೋಪಿಗೆ ಕೊಟ್ಟಿದ್ದ ಆ ಮರದ ತೊಲೆಯನ್ನು. "ತೋಪು ಒಂದು ಗುಂಡೂ ಹಾರಿಸಲಿಲ್ಲ ಕಣಯ್ಯ. ಕೆಲಸಕ್ಕೆ ಬಂದದ್ದು ಮರ. ಅದನ್ನ ಹೇಗೆ ಬೇಕೋ ಹಾಗೆ ಅಂಟಿಸೋದಾ?"

ಈಜು ಬಾರದ ಷಡ್ಡಕರಿಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಅಷ್ಟರಲ್ಲಿ ವಾಷಿಂಗ್ ಮಷೀನು ಸ್ಪಿನ್ನಿಗೆ ಬಂದು ಇಡೀ ಮಣೆ ನಡುಗಿ, ಚಿಮ್ಮಟದ ಪಕ್ಕದಲ್ಲಿದ್ದ ಆಂಟೆನಾ ಹಾರಿ ಮಾಯವಾಯಿತು. ಮುಂದಿನ ಒಂದು ಗಂಟೆ ನಾವಿಬ್ಬರೂ ನೆಲದ ಮೇಲೆ ಅಂಬೆಗಾಲಲ್ಲಿದ್ದೆವು. ಅತ್ತಿಗೆ ಬಂದು ನೋಡಿ, ಏನೂ ಕೇಳದೆ, ಕಾಫಿ ಇಟ್ಟು ಹೋದರು.

ಮುಗಿಸದ ದೋಣಿಗಾಗಿ ಭಾವನನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ನಾನೂ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯದಲ್ಲಿ ಶುರುವಾದ ಮಳೆ ಇನ್ನೂ ನಿಂತಿಲ್ಲ. ಆದರೆ ಒಂದು ವ್ಯತ್ಯಾಸ ನೋಡಿದ್ದೇನೆ. ಟೀವಿಯಲ್ಲಿ ಯಾರಾದರೂ ಮೇಜು ಕುಟ್ಟಿ ಯುದ್ಧವಾಗಲೇಬೇಕು ಅಂತ ಕೂಗಿದಾಗ ನಮ್ಮ ಬೀದಿಯವರೆಲ್ಲ ಹುರುಪಾಗುತ್ತಾರೆ. ಮನೆತುಂಬ ಯುದ್ಧದೋಣಿ ಇಟ್ಟುಕೊಂಡ ಭಾವ ಚಾನೆಲ್ ಬದಲಾಯಿಸುತ್ತಾರೆ. ಯಾವ ದೋಣಿಯಲ್ಲಿ ಎಷ್ಟು ಜನ ಇದ್ದರು, ಯಾರು ಎಲ್ಲಿ ನಿಂತಿದ್ದರು ಅನ್ನುವುದು ಅವರಿಗೆ ಗೊತ್ತು. ಒಬ್ಬೊಬ್ಬರಿಗೂ ಜಾಗ ಮಾಡಿಕೊಟ್ಟಿದ್ದಾರಲ್ಲ. ಯುದ್ಧದ ಹುಚ್ಚಿರುವವರೆಲ್ಲ ಅದನ್ನು ಒಂದಕ್ಕೆ ಎಪ್ಪತ್ತೆರಡರ ಅಳತೆಯಲ್ಲೇ ಇಟ್ಟುಕೊಂಡಿದ್ದರೆ ಲೋಕಕ್ಕೆ ಆಗುತ್ತಿದ್ದ ನಷ್ಟ ಒಂದಿಷ್ಟು ಅಂಟು, ಒಂದಿಷ್ಟು ಪೇಂಟು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ನೆಂಟರಲ್ಲೂ ಒಬ್ಬ ದೋಣಿರಾಯರಿದ್ದರೆ ಅವರನ್ನು ನೋಯಿಸಬೇಡಿ. ಪಾರ್ಸೆಲ್ಲಿಗೆ ವಿಳಾಸ ಕೊಡಿ, ಗುಟ್ಟು ಕಾಪಾಡಿ, ಸಾಧ್ಯವಾದರೆ ಒಮ್ಮೆ ಕಾರವಾರಕ್ಕೂ ಕರೆದುಕೊಂಡು ಹೋಗಿ. ವಾಪಸು ಬರುವಾಗ ಮಾತ್ರ ಅವರಿಗೆ ಬಸ್ಸಿನ ಟಿಕೆಟ್ ಮಾಡಿಸಿಡಿ.