ಕಡಲಿಗೆ ತಾಗಿದ ನಾರಾಯಣಗೂಡ

ಹೈದರಾಬಾದಿನ ನಾರಾಯಣಗೂಡದಿಂದ ಯಾವ ರಸ್ತೆ ಹಿಡಿದರೂ 300 ಕಿಲೋಮೀಟರ್ ದಾಟುವ ತನಕ ಕಡಲು ಕಣ್ಣಿಗೆ ಬೀಳುವುದಿಲ್ಲ. ಹತ್ತಿರದ್ದೆಂದರೆ ಬಾಪಟ್ಲದ ಸೂರ್ಯಲಂಕ, ಇಲ್ಲವೇ ಒಂದು ಕಾಲಕ್ಕೆ ಗೋಲ್ಕೊಂಡ ರಾಜ್ಯದ ರೇವಾಗಿದ್ದ ಮಚಲೀಪಟ್ಟಣ. ಆದರೂ ಕಡಲ ತೀರದಲ್ಲಿ ಎಲ್ಲಿ ಮನೆ ಮಾಡಬೇಕು, ಎಲ್ಲಿ ಮಾಡಬಾರದು ಎಂಬ ಬಗ್ಗೆ ತಕರಾರಿಲ್ಲದ ಅಭಿಪ್ರಾಯ ಬೇಕಿದ್ದರೆ ಮಂಗಳೂರಿಗೋ ವಿಶಾಖಪಟ್ಟಣಕ್ಕೋ ಹೋಗಬೇಕಾಗಿಲ್ಲ. ನಾರಾಯಣಗೂಡ, ಬರ್ಕತ್‌ಪುರ, ಕಾಚಿಗುಡದ ಓಣಿಗಳಲ್ಲಿ ವಿಚಾರಿಸಿದರೆ ಸಾಕು. ಅಲ್ಲಿ ರಾಯರಿದ್ದಾರೆ. ರಾಯರು ಎಂದರೆ ಒಬ್ಬರಲ್ಲ, ಅಪಾರ್ಟ್‌ಮೆಂಟಿಗೊಬ್ಬರು.

ರಾಯರ ಮೂಲ ರಾಯಚೂರೋ ಕಲಬುರಗಿಯೋ ಆಗಿರುತ್ತದೆ. ಅಪ್ಪ ನಿಜಾಮರ ಕಾಲದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಲಿಕ್ಕೆಂದು ಬಂದು, ಸರ್ಕಾರಿ ಕಚೇರಿಯೊಂದರಲ್ಲಿ ಕುರ್ಚಿ ಹಿಡಿದವರು. 1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗ, ರಾಯಚೂರು ಮೂರೂ ಮೈಸೂರು ರಾಜ್ಯಕ್ಕೆ ಹೋದವು. ಅಪ್ಪನ ಕುರ್ಚಿ ಇಲ್ಲೇ ಉಳಿಯಿತು. ಹೀಗೆ ಮನೆಯ ಒಂದು ಚೊಂಬನ್ನೂ ಆಚೀಚೆ ಸರಿಸದೆ ಇಡೀ ಸಂಸಾರ ಹೊರನಾಡ ಕನ್ನಡಿಗರ ಪಟ್ಟಿಗೆ ಸೇರಿಬಿಟ್ಟಿತು. ರಾಯರು ನೃಪತುಂಗ ಶಾಲೆಯಲ್ಲಿ ಕಲಿತು, ಬ್ಯಾಂಕಿನಲ್ಲಿ ದುಡಿದು, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಗಳಲ್ಲಿ ಮೂರನೇ ಸಾಲಿನ ಕುರ್ಚಿಯನ್ನು ಕಾಯಂ ಮಾಡಿಕೊಂಡು ನಿವೃತ್ತರಾದವರು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಅವರು ಹೇಳುವ ಮಾತು ಒಂದೇ: "ಇನ್ನ ನಮ್ಮ ನಾಡಿಗೆ ಹೋಗಿಬಿಡೋದು. ಅದೂ ಸಮುದ್ರದ ಬಾಜೂಕ."

ರಾಯಚೂರಿಗೂ ಕಡಲಿಗೂ ಏನು ಸಂಬಂಧ ಎಂದು ಯಾರೂ ಕೇಳುವುದಿಲ್ಲ. ಬಿಸಿಲುನಾಡಿನವರಿಗೆ ನೀರಿನ ಆಸೆ ಹುಟ್ಟುವುದಕ್ಕೆ ಕಾರಣ ಬೇಕೇ?

ಅಲ್ಲಿಂದ ಶುರುವಾಗುವುದು ಫೈಲು. ನೀಲಿ ರಟ್ಟಿನ ಆ ಫೈಲಿನಲ್ಲಿ ಪಣಂಬೂರು, ಸುರತ್ಕಲ್, ಕಾಪು, ಮಲ್ಪೆ, ಮರವಂತೆ, ಕುಮಟಾ, ಕಾರವಾರ ಎಲ್ಲಕ್ಕೂ ಒಂದೊಂದು ಹಾಳೆ ಇದೆ. ನಿವೇಶನದ ದರ ಬರೆದುಕೊಳ್ಳುವಾಗಲೇ ಮೊದಲ ತೊಡಕು. ಹೈದರಾಬಾದಿನವರು ನೆಲ ಅಳೆಯುವುದು ಗಜದಲ್ಲಿ, ಕರಾವಳಿಯವರು ಸೆಂಟ್ಸಿನಲ್ಲಿ. ಒಂದು ಸೆಂಟ್ಸಿಗೆ 48.4 ಗಜ. ಈ ಗುಣಾಕಾರವನ್ನು ರಾಯರು ಮದುವೆ ಕಾರ್ಡುಗಳ ಬೆನ್ನ ಮೇಲೆ ಎಷ್ಟು ಸಲ ಮಾಡಿದ್ದಾರೆಂದರೆ, ಬ್ರೋಕರು ಆ ತುದಿಯಲ್ಲಿ "ಹತ್ತು ಸೆಂಟ್ಸು" ಎನ್ನುವಷ್ಟರಲ್ಲಿ ಈ ತುದಿಯಲ್ಲಿ "484 ಗಜ" ಎಂದು ಉತ್ತರ ಹೋಗಿರುತ್ತದೆ. ಬ್ರೋಕರಿಗೆ ಇವರು ದೊಡ್ಡ ಗಿರಾಕಿ ಎಂಬ ಭ್ರಮೆ ಹುಟ್ಟುವುದೇ ಇಲ್ಲಿ.

ಊರು ನೋಡಲು ಅವರು ಹೊರಡುವುದು ಡಿಸೆಂಬರಿನಲ್ಲಿ. 1916ರಲ್ಲಿ ಕಟ್ಟಿದ, ಗುಮ್ಮಟಗಳ ಕಾಚಿಗುಡ ನಿಲ್ದಾಣ ಮನೆಯಿಂದ ಆಟೋದಷ್ಟು ದೂರ. ಅಲ್ಲಿಂದ ವಾರಕ್ಕೆರಡು ದಿನ ಮಂಗಳೂರಿನ ರೈಲಿದೆ. ಕರ್ನೂಲು, ರೇಣಿಗುಂಟ, ಕಾಟ್ಪಾಡಿ, ಕೊಯಮತ್ತೂರು, ಪಾಲಕ್ಕಾಡು, ಕೋಯಿಕ್ಕೋಡು ಸುತ್ತಿ ಹೋಗುವ ಈ ರೈಲಿನಲ್ಲಿ ಕೂತವರು ತೆಲುಗು, ತಮಿಳು, ಮಲಯಾಳಂ ಮೂರರಲ್ಲೂ ಚಹಾ ಕುಡಿದ ಮೇಲಷ್ಟೇ ಕನ್ನಡದ ಕಡಲು. ರಾಯರಿಗೆ ಬೇಸರವಿಲ್ಲ. ಕಾಸರಗೋಡು ಬಂದಾಗ ಕಿಟಕಿಯಿಂದ ಇಣುಕಿ, "ಇವರೂ ನಮ್ಮಂಗ, 56ರಾಗ ಗೆರಿ ಆಚೆ ಉಳಿದವರು" ಎಂದು ಸಹಪ್ರಯಾಣಿಕರಿಗೆ ಪಾಠ ಮಾಡಿ, ಆ ಊರನ್ನೂ ಫೈಲಿಗೆ ಸೇರಿಸಿಬಿಡುತ್ತಾರೆ.

ಪರೀಕ್ಷೆಗೆ ಅವರದೇ ಉಪಕರಣವೊಂದಿದೆ: ಒಂದು ಪೊಟ್ಟಣ ಉಸ್ಮಾನಿಯಾ ಬಿಸ್ಕತ್ತು. ಲಾಡ್ಜಿನ ಕಿಟಕಿಯ ಬಳಿ ರಾತ್ರಿ ಒಂದು ಬಿಸ್ಕತ್ತು ತೆರೆದಿಡುವುದು, ಬೆಳಿಗ್ಗೆ ಎದ್ದು ಮುರಿದು ನೋಡುವುದು. ಹೈದರಾಬಾದಿನ ಚಳಿಗಾಲದಲ್ಲಿ ಅದು ಕಟಕ್ಕೆನ್ನುತ್ತದೆ. ಮಲ್ಪೆಯಲ್ಲಿ ಸದ್ದಿಲ್ಲದೆ ಬಾಗಿತು. "ಬಿಸ್ಕೀಟಿಗೇ ಹಿಂಗಾದ್ರ ನನ್ನ ಮೊಣಕಾಲಿಗೆ ಹೆಂಗಾದೀತು?" ಎಂದು ಮಲ್ಪೆಯ ಹಾಳೆಯಲ್ಲಿ ಕೆಂಪು ಗುರುತು ಬಿತ್ತು. ಹವಾಮಾನ ಇಲಾಖೆಯವರು ನಗಬಹುದು. ಗಾಳಿಯ ತೇವ ಅಳೆಯಲು ಇದು ಕೆಟ್ಟ ವಿಧಾನವೇನಲ್ಲ.

ಮಲ್ಪೆಗೆ ಇನ್ನೊಂದು ಗುರುತೂ ಇದೆ. ರಾಯರದು ಈರುಳ್ಳಿಗೂ ಏಕಾದಶಿ ನೋಡುವ ಮನೆ. ಅವರಿಗೆ ಬಂದರು ಬೇಕು, ದೋಣಿಗಳ ಸಾಲು ಬೇಕು, ಮೀನಿನ ವಾಸನೆ ಮಾತ್ರ ಬೇಡ. ಅಂಥ ಕಾಲವೂ ಇದೆಯೆಂದು ಅಲ್ಲಿ ಯಾರೋ ಹೇಳಿದರಂತೆ: ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ರಾಯರು ಖುಷಿಯಾಗಿ ಕ್ಯಾಲೆಂಡರ್ ತೆಗೆದರು. ಆಮೇಲೆ ಮಳೆಯ ಲೆಕ್ಕ ನೋಡಿದರು. ಹೈದರಾಬಾದಿನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಮಂಗಳೂರು, ಉಡುಪಿಯ ಕಡೆ ಜುಲೈ ಒಂದೇ ತಿಂಗಳು ಅದನ್ನು ಸುರಿದು ಮುಗಿಸುತ್ತದೆ. ಮೂಗಿಗೆ ಅನುಕೂಲವಾದ ಎರಡು ತಿಂಗಳು ಕೊಡೆಯೊಳಗೇ ಕಳೆಯಬೇಕೆಂದು ತಿಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅವರ ಕನಸಿಗೆ ಕಲ್ಲು ಹಾಕುವವರಲ್ಲಿ ಮುಖ್ಯರು ಉಡುಪಿ ಕಡೆಯಿಂದ ಹೋಟೆಲು ನಡೆಸಲು ಬಂದವರು. ಮೇಲ್ಕೋಟೆ ಪಾರ್ಕಿನಲ್ಲಿ ಬೆಳಗಿನ ಮೂರನೇ ಸುತ್ತಿನಲ್ಲಿ ಇವರ ಭೇಟಿ. ಕಡಲು ನೋಡಿ ಬೆಳೆದವರಿಗೆ ಕಡಲಿನ ಬಗ್ಗೆ ಕಾವ್ಯವಿರುವುದಿಲ್ಲ. "ಕಡಲಿಗೆ ಮುಖ ಮಾಡಿ ಮನೆ ಕಟ್ಟೋದು ಮೀನು ಹಿಡಿಯೋರು, ಇಲ್ಲಾಂದ್ರೆ ಊರು ಗೊತ್ತಿಲ್ಲದೋರು ಮಾರಾಯ್ರೇ. ನಾವೆಲ್ಲ ಒಳಗೆ, ತೆಂಗಿನ ತೋಟದ ಹಿಂದೆ" ಎಂದು ಅವರು ಶುರು ಮಾಡಿದರೆ, ಗ್ರಿಲ್ಲು ತುಕ್ಕು ಹಿಡಿಯುವುದು, ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವುದು, ಮಳೆಗಾಲದಲ್ಲಿ ಕಪಾಟಿನ ಬಟ್ಟೆಗೆ ಬೂಷ್ಟು ಬರುವುದು ಎಲ್ಲ ಬರುತ್ತವೆ. ಉಳ್ಳಾಲ, ಸೋಮೇಶ್ವರ ಉಚ್ಚಿಲದ ಕಡಲ್ಕೊರೆತದ ಕಥೆ ಕೊನೆಗೆ. ದಡಕ್ಕೆ ಲಾರಿಗಟ್ಟಲೆ ಬಂಡೆ ಸುರಿದರೂ ತೆಂಗಿನಮರ, ರಸ್ತೆ, ಮನೆ ಎಲ್ಲ ಸಮುದ್ರದ ಪಾಲಾದದ್ದು ಪತ್ರಿಕೆಗಳಲ್ಲಿ ಮಳೆಗಾಲಕ್ಕೊಮ್ಮೆ ಬರುವ ಸುದ್ದಿ.

ರಾಯರು ಇದಕ್ಕೆಲ್ಲ ಹೆದರುವವರಲ್ಲ. ಬ್ಯಾಂಕಿನವರು, ಅವರು ಹೆದರುವುದು ಕಾಗದಕ್ಕೆ. ಸಿಆರ್‌ಝಡ್ ಎಂಬ ಕರಾವಳಿ ನಿಯಂತ್ರಣ ವಲಯದ ನಿಯಮ 1991ರಿಂದ ಇದೆ, ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಅದರ ಕೈ ಚಾಚಿದೆ. ಹಳ್ಳಿಗಾಡಿನ ತೀರದಲ್ಲಿ ಮೊದಲ 200 ಮೀಟರಿನೊಳಗೆ ಹೊರಗಿನವರು ಹೊಸ ಮನೆ ಎಬ್ಬಿಸುವಂತಿಲ್ಲ. ಜನ ದಟ್ಟವಾಗಿರುವ ಹಳ್ಳಿಗಳಲ್ಲಿ 2019ರ ಅಧಿಸೂಚನೆ ಇದನ್ನು 50 ಮೀಟರಿಗೆ ಇಳಿಸಿದೆ. ಈ ಗೆರೆಯ ವಿಷಯ ಕೇಳಿದ ಮೇಲೆ ರಾಯರು ಅಳತೆಯ ಟೇಪು ಕೊಂಡರು. ಮರವಂತೆಯಲ್ಲಿ ಟೇಪು ಹಿಡಿದು ನಿಂತರೆ ಒಂದು ಕಡೆ ಹೆದ್ದಾರಿ, ಹೆದ್ದಾರಿಯ ಆಚೆ ಸೌಪರ್ಣಿಕಾ ನದಿ. ಎಲ್ಲಿಂದ ಅಳೆಯಬೇಕೆಂದು ಗೊತ್ತಾಗದೆ ಒಂದು ಫೋಟೋ ತೆಗೆಸಿಕೊಂಡು ಬಂದರು. ಚೆನ್ನಾಗಿ ಬಂದಿದೆ ಫೋಟೋ.

ನಡುವೆ ನಾಡಿನ ಅಭಿಮಾನ ಸಡಿಲಿಸಿ ವಿಶಾಖಪಟ್ಟಣವನ್ನೂ ನೋಡಿದ್ದುಂಟು. ಸಂಜೆ ಗೋದಾವರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಕಡಲು, ತೆಲುಗು ಹೇಗೂ ಬರುತ್ತದೆ, ಆಸ್ಪತ್ರೆಗಳಿವೆ. ಎಲ್ಲ ಹೊಂದಿತ್ತು. ಆದರೆ 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಅಪ್ಪಳಿಸಿದ್ದು ಇದೇ ಊರಿಗೆ ಎಂಬುದು ನೆನಪಾಗಿ, "ಬಂಗಾಳ ಕೊಲ್ಲಿಯದು ಸ್ವಭಾವ ಸರಿ ಇಲ್ಲ" ಎಂದು ಷರಾ ಬರೆದರು. ಚೆನ್ನೈನ ಬೆಸೆಂಟ್ ನಗರಕ್ಕೂ 2004ರ ಸುನಾಮಿಯ ನೆಪದಲ್ಲಿ ಅದೇ ಷರಾ.

ಇಷ್ಟಕ್ಕೂ ತೀರ್ಪು ಕೊಡುವ ನ್ಯಾಯಾಲಯ ಮನೆಯಲ್ಲೇ ಇದೆ. ರಾಯರ ಹೆಂಡತಿ ಯಾವ ಊರಿಗೂ ಬೇಡವೆಂದಿಲ್ಲ. ಎರಡೇ ಪ್ರಶ್ನೆ ಕೇಳುತ್ತಾರೆ. "ಗುರುವಾರ ನಡಕೋತ ಹೋಗೋಷ್ಟು ದೂರದಾಗ ರಾಘವೇಂದ್ರ ಸ್ವಾಮಿ ಮಠ ಅದನಾ?" ಬರ್ಕತ್‌ಪುರದ ಮಠಕ್ಕೆ ಚಪ್ಪಲಿ ಸವೆಸಿದವರ ಪ್ರಶ್ನೆ ಇದು. ಇದಕ್ಕೆ ಉಡುಪಿಯ ಸುತ್ತಮುತ್ತ ಹೇಗೋ ಉತ್ತರ ಸಿಕ್ಕೀತು. ಎರಡನೆಯದೇ ಕಷ್ಟ: "ಹಪ್ಪಳ ಎಲ್ಲಿ ಒಣಗಿಸ್ಲಿ?" ನಾರಾಯಣಗೂಡದ ತಾರಸಿಯ ಮೇಲೆ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದೊಳಗೆ ಗರಿಗರಿಯಾಗುವ ಹಪ್ಪಳಕ್ಕೆ ಸಾಟಿಯಾಗುವ ಕಡಲೂರನ್ನು ರಾಯರು ಈತನಕ ಕಂಡಿಲ್ಲ.

ನಿಜ ಹೇಳಬೇಕೆಂದರೆ ರಾಯರ ಪಟ್ಟಿಯನ್ನು ಓದಿದವರಿಗೆ ಗುಟ್ಟು ತಿಳಿದುಬಿಡುತ್ತದೆ. ಮನೆಯಿಂದಿಳಿದರೆ ತರಕಾರಿ ಮಾರ್ಕೆಟ್ಟು, ತಿರುವಿನಲ್ಲಿ ಔಷಧಿ ಅಂಗಡಿ, ನಡೆದು ಹೋಗುವಷ್ಟರಲ್ಲಿ ಮೆಟ್ರೋ (ಇಲ್ಲಿ ಅದು 2020ರ ಫೆಬ್ರವರಿಯಲ್ಲಿ ಬಂತು), ತಾಜ್ ಮಹಲ್ ಹೋಟೆಲಿನಂಥ ಇಡ್ಲಿ, ಇರಾನಿ ಚಹಾ, ಕನ್ನಡ ಕಾರ್ಯಕ್ರಮಕ್ಕೊಂದು ಮಂದಿರ, ಆರ್‌ಟಿಸಿ ಕ್ರಾಸ್ ರೋಡ್ಸಿನ ಸಿನಿಮಾ. ಅವರು ಹುಡುಕುತ್ತಿರುವುದು ಹೊಸ ಊರನ್ನಲ್ಲ. ಇದೇ ನಾರಾಯಣಗೂಡವನ್ನು ಫ್ಲೈಓವರ್ ಸಮೇತ ಎತ್ತಿ ಅರಬ್ಬೀ ಸಮುದ್ರದ ದಡಕ್ಕೆ ಇಟ್ಟುಕೊಡುವವರು ಅವರಿಗೆ ಬೇಕಾಗಿದ್ದಾರೆ. ಫ್ಲೈಓವರ್ ಬೇಕಾದರೆ ಇಲ್ಲೇ ಬಿಡಬಹುದು ಎಂಬ ರಿಯಾಯಿತಿ ಇದೆ.

ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ಮಗ, ಬೀಚಿನಿಂದ ಹತ್ತು ನಿಮಿಷದ ಮನೆಯಲ್ಲಿ ಕೂತು, "ಅಪ್ಪಾ, ಇಲ್ಲಿಗೇ ಬಂದ್ಬಿಡ್ರಿ, ಬಿಸಿಲೂ ಅದ, ಹಪ್ಪಳಾನೂ ಒಣಗ್ತದ" ಎಂದು ವಿಡಿಯೋದಲ್ಲಿ ಕಡಲು ತೋರಿಸಿದ. ರಾಯರು ಕನ್ನಡಕ ಏರಿಸಿ ಪರೀಕ್ಷಿಸಿ, "ಛಲೋ ಅದ. ಆದ್ರ ಮಂದಿ ಎಲ್ಲಿ? ಹೂವಿನಾಕಿ ಬರ್ತಾಳನು?" ಎಂದರು. ಮಗ ಕ್ಯಾಮೆರಾ ತಿರುಗಿಸಿದ.

2024ರಲ್ಲಿ ಕಾಚಿಗುಡ–ಮಂಗಳೂರು ರೈಲನ್ನು ಮುರ್ಡೇಶ್ವರದವರೆಗೆ ಮುಂದುವರಿಸಿದಾಗ ನಾರಾಯಣಗೂಡದಲ್ಲಿ ಹೊಸ ಚೈತನ್ಯ ಬಂತು. ಫೈಲಿಗೆ ಹೊಸ ಹಾಳೆ ಏರಿತು: 123 ಅಡಿಯ ಶಿವ, 20 ಅಂತಸ್ತಿನ ಗೋಪುರ, ಮೂರು ಕಡೆ ನೀರು, ಮನೆ ಓಣಿಯಿಂದ ರೈಲು ಬದಲಿಸದೆ ಪಯಣ. ರಾಯರು ಅಲ್ಲಿನ ಬ್ರೋಕರಿಗೆ ಫೋನು ಮಾಡಿ ಗಜ, ಸೆಂಟ್ಸು, ಸಿಆರ್‌ಝಡ್ ಗೆರೆ ಎಲ್ಲ ವಿಚಾರಿಸಿ, ಕೊನೆಗೆ ಬೆಳಿಗ್ಗೆ ಆರಕ್ಕೆ ಬಿಸಿ ಇಡ್ಲಿ ಸಿಗುತ್ತದೆಯೇ ಎಂದು ಕೇಳಿದರು. ಏಳೂವರೆ ಆಗಬಹುದು ಎಂದ ಬ್ರೋಕರು. ರಾಯರು ಅದನ್ನೂ ಬರೆದುಕೊಂಡು, ಹೋಟೆಲಿನವರ ಹತ್ತಿರ ಆರೂವರೆಗೆ ಮಾತಾಡಿ ನೋಡಲು ಅವನಿಗೇ ಹೇಳಿದ್ದಾರೆ.