ಚಿನ್ನು ತಾತನ ಮೋಜಣಿ

ಅವರಿಗೊಂದು ಹೆಸರಿತ್ತು. ಪಿಂಚಣಿ ಪುಸ್ತಕದಲ್ಲಿ, ಗೇಟಿನ ಕಲ್ಲಿನ ಮೇಲೆ ಈಗಲೂ ಇದೆ. ಆದರೆ ಮೈಸೂರಿನ ಕುವೆಂಪುನಗರದ ನಮ್ಮ ರಸ್ತೆಯಲ್ಲಿ ಹಾಲಿನವನಿಂದ ಹಿಡಿದು ಹೂವಿನವಳವರೆಗೆ ಎಲ್ಲರೂ ಅವರನ್ನು ಕರೆಯುವುದು ಚಿನ್ನು ತಾತ ಅಂತಲೇ. ಚಿನ್ನುವಿಗೆ ನಿನ್ನೆಗೆ ಸರಿಯಾಗಿ ಎರಡು ವರ್ಷ ಮೂರು ತಿಂಗಳು. ಇದು ನಾನು ಕೇಳಿ ತಿಳಿದದ್ದಲ್ಲ. ಆ ರಸ್ತೆಯಲ್ಲಿ ಓಡಾಡುವವರಿಗೆ ಕೇಳದೆಯೇ ತಿಳಿಯುತ್ತದೆ.

ಇಂಥ ತಾತ ಪ್ರತಿ ಬಡಾವಣೆಯಲ್ಲೂ ಒಬ್ಬರಾದರೂ ಇರುತ್ತಾರೆ. ನಿವೃತ್ತಿಯಾದ ಹೊಸದರಲ್ಲಿ ಷಟಲ್, ಗೀತಾ ಪಾರಾಯಣ, ಬಡಾವಣೆ ಸಂಘದ ಚರಂಡಿ ಅರ್ಜಿ ಅಂತ ಕೈಯಾಡಿಸಿ, ಯಾವುದೂ ಹಿಡಿಸದೆ ಪೇಪರಿನ ಪದಬಂಧಕ್ಕೆ ಬಂದು ನಿಂತಿರುತ್ತಾರೆ. ಅಷ್ಟರಲ್ಲಿ ಮನೆಗೆ ಮೊಮ್ಮಗು ಬರುತ್ತದೆ. ಮಾರನೆಯ ದಿನದಿಂದಲೇ ಡ್ಯೂಟಿಗೆ ಹಾಜರು. ಬ್ಯಾಂಕಿನಲ್ಲಿದ್ದವರು ಹೆಸರಿಡುವ ಮುಂಚೆಯೇ ಠೇವಣಿ ಇಡಲು ಓಡಾಡುತ್ತಾರೆ. ಮೇಷ್ಟ್ರಾಗಿದ್ದವರು ತೊಟ್ಟಿಲಲ್ಲೇ ಕಾಗುಣಿತ ಶುರುಮಾಡುತ್ತಾರೆ. ನಮ್ಮ ಚಿನ್ನು ತಾತ ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದವರು. ಅವರು ಅಳೆಯುತ್ತಾರೆ.

ಅವರು ಕೆಲಸ ಕಲಿತದ್ದು ಸರಪಳಿಯ ಕಾಲದಲ್ಲಿ. 33 ಅಡಿಗೆ ಒಂದು ಸರಪಳಿ, ಸರಪಳಿಗೆ 16 ಆಣೆ. ಆ ಸರಪಳಿಯಷ್ಟೇ ಉದ್ದಗಲದ ಚೌಕ ಒಂದು ಗುಂಟೆ, 40 ಗುಂಟೆಗೆ ಎಕರೆ. ಕೊನೆಕೊನೆಗೆ ಇಲಾಖೆಗೆ ಮುಕ್ಕಾಲಿ ಮೇಲೆ ನಿಲ್ಲಿಸುವ ಯಂತ್ರ ಬಂದರೂ ಅವರ ಮನಸ್ಸು ಸರಪಳಿಯನ್ನು ಬಿಡಲಿಲ್ಲ. ಮೊಮ್ಮಗನ ಉದ್ದ ಕೇಳಿದವರಿಗೆ ಮೊದಲು ಸೆಂಟಿಮೀಟರ್‌ನಲ್ಲಿ ಹೇಳಿ, ಕೂಡಲೇ, "ಅಂದ್ರೆ ಒಂದೂವರೆ ಆಣೆಗೆ ಸ್ವಲ್ಪ ಕಡಿಮೆ" ಅಂತ ಸೇರಿಸುತ್ತಾರೆ. ಮಗುವಿನ ಉದ್ದವನ್ನು ಆಣೆ ಲೆಕ್ಕದಲ್ಲಿ ಹೇಳುವ ತಾತ ಇಡೀ ರಾಜ್ಯದಲ್ಲಿ ಇವರೊಬ್ಬರೇ ಇರಬೇಕು.

ಪ್ರತಿ ತಿಂಗಳ ಒಂದನೇ ತಾರೀಖು, ಪಿಂಚಣಿ ಬಂದ ಮೆಸೇಜು ನೋಡಿದ ಮೇಲೆ, ಅಳತೆ. ಜಾಗ ದೇವರ ಮನೆಯ ಬಾಗಿಲವಾಡ. ಹಿಮ್ಮಡಿ ಮರಕ್ಕೆ ತಾಗಿರಬೇಕು, ನೋಟ ನೇರ ಇರಬೇಕು. ತಲೆಯ ಮೇಲೆ ಮಟ್ಟಕ್ಕೆ ಇಡುವುದು 1964ರ ಭೂಕಂದಾಯ ಕಾಯ್ದೆಯ ದಪ್ಪ ಪುಸ್ತಕ. ಕಾಯ್ದೆಯ ಅಡಿಯಲ್ಲಿ ಬರುವುದು ಅಂದರೇನು ಅಂತ ಚಿನ್ನುವಿಗೆ ಈ ವಯಸ್ಸಿಗೇ ಅನುಭವವಾಗಿದೆ. ಪೆನ್ಸಿಲ್ ಗೀಟು, ಪಕ್ಕದಲ್ಲಿ ತಾರೀಖು, ಕೆಳಗೆ ಚಿಕ್ಕ ರುಜು. ಸಾಕ್ಷಿಯಾಗಿ ಅಜ್ಜಿಯೂ ರುಜು ಹಾಕಬೇಕು ಅನ್ನುವ ಪ್ರಸ್ತಾವ ಒಮ್ಮೆ ಬಂದಿತ್ತು. ಒಲೆಯ ಮೇಲೆ ಸಾರು ಕುದಿಯುತ್ತಿದ್ದುದರಿಂದ ಅದು ಬಿದ್ದುಹೋಯಿತು.

ಈ ಗೀಟುಗಳನ್ನು ಅವರು ಬಾಂದುಕಲ್ಲು ಅನ್ನುತ್ತಾರೆ. ಬಾಂದುಕಲ್ಲು ಕಿತ್ತವರ ಮೇಲೆ ಕೇಸು ಹಾಕಿಸಿದ ಮನುಷ್ಯ. ಮೊನ್ನೆ ಹಬ್ಬಕ್ಕೆ ಮನೆಗೆ ಬಣ್ಣ ಬಳಿಯಲು ಬಂದ ಹುಡುಗ ಬಾಗಿಲವಾಡಕ್ಕೆ ವಾರ್ನಿಷ್ ಹಚ್ಚಲು ಹೋದಾಗ ಎಷ್ಟು ಕೂಗಾಡಿದರೆಂದರೆ, ಆ ಹುಡುಗ ದೇವರ ಮನೆಯೊಳಗೆ ಏನೋ ಅಪಚಾರವಾಯಿತೆಂದು ಕೈಮುಗಿದು ನಿಂತುಬಿಟ್ಟ. ಆ ಮನೆಯ ಬಾಗಿಲವಾಡ ಇವತ್ತಿಗೂ ಎಡಗಡೆ ಹೊಸದು, ಬಲಗಡೆ ಹಳೇದು.

ಅಳತೆಗೆ ಆಧಾರ ದಾಖಲೆ ಬೇಕಲ್ಲ, ಅದು ತಾಯಿ ಕಾರ್ಡು. ಚುಚ್ಚುಮದ್ದಿನ ತಾರೀಖುಗಳ ಜೊತೆ ಅದರಲ್ಲಿ ತೂಕದ ನಕ್ಷೆಯೂ ಇರುತ್ತದೆ. ಹುಡುಗನಿಗೊಂದು, ಹುಡುಗಿಗೊಂದು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಮಾನದಂಡದ ಗೆರೆಗಳು ಅವು. ಗಂಡು ಮಗು ಹುಟ್ಟುವಾಗ ಸುಮಾರು 3.3 ಕಿಲೋ, ವರ್ಷಕ್ಕೆ 9.6, ಎರಡಕ್ಕೆ 12.2 ಅಂತ ಮಧ್ಯದ ಗೆರೆ ಹೇಳುತ್ತದೆ. ಹೆಚ್ಚಿನವರು ಮಗು ಹಸಿರು ಪಟ್ಟಿಯಲ್ಲಿದ್ದರೆ ಸಾಕು ಅಂತ ಕಾರ್ಡು ಮಡಚಿಡುತ್ತಾರೆ. ಚಿನ್ನು ತಾತನಿಗೆ ಮಧ್ಯದ ಗೆರೆಯೇ ಹದ್ದು. ಅದರ ಆಚೆ ನೂರು ಗ್ರಾಂ ಹೋದರೂ ಗೆಲುವು. ಡಾಕ್ಟರ ತಕ್ಕಡಿ ಒಂದನ್ನೇ ನಂಬದೆ, ಅಂಗನವಾಡಿಯಲ್ಲೂ ತೂಗಿಸಿ ತಾಳೆ ನೋಡುತ್ತಾರೆ. ಅಂಗನವಾಡಿಯ ಅಮ್ಮನವರು ಇವರನ್ನು ದೂರದಿಂದ ಕಂಡರೆ ತಕ್ಕಡಿಯನ್ನು ಒಳಗಿಡುತ್ತಾರೆಂದು ಕೇಳಿದ್ದೇನೆ. ಸುಳ್ಳಿರಬಹುದು.

ಎರಡು ವರ್ಷದ ಉದ್ದಕ್ಕೆ ಇನ್ನೊಂದರಷ್ಟು ಸೇರಿಸಿದರೆ ಹೆಚ್ಚುಕಡಿಮೆ ದೊಡ್ಡವನಾದಾಗಿನ ಉದ್ದ ಬರುತ್ತದೆ ಅನ್ನುವ ಮಾತು ಅವರ ಕಿವಿಗೆ ಬಿದ್ದದ್ದು ದೊಡ್ಡ ಅನಾಹುತ. 88ಕ್ಕೆ 88 ಸೇರಿಸಿದರೆ 176. ಐದಡಿ ಒಂಬತ್ತು ಅಂಗುಲ! ಆ ವಂಶದಲ್ಲಿ ಐದೂವರೆ ಅಡಿ ದಾಟಿದ್ದು ಅವರ ಮನೆಯ ಹಿಂದಿನ ತೆಂಗಿನ ಮರ ಒಂದೇ. ಅಂದು ಸಂಜೆ ಅವರು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿ, "ಪಿಎಸ್‌ಐ ಆಗೋಕೆ 168 ಸೆಂಟಿಮೀಟರ್ ಇದ್ರೆ ಸಾಕು ಸ್ವಾಮಿ. ಎಂಟು ಸೆಂಟಿಮೀಟರ್ ಉಳೀತದೆ" ಅಂದರು. ಉಳಿದದ್ದನ್ನು ಏನು ಮಾಡುತ್ತಾರೋ ಕೇಳಲಿಲ್ಲ. ಯಾರಿಗಾದರೂ ಗುತ್ತಿಗೆಗೆ ಕೊಡುವ ಹಾಗೆ ಕಂಡರು.

ಇಷ್ಟೆಲ್ಲ ಅಳೆಯುವವರ ಮನೆಯೊಳಗೇ ಹಾಡಹಗಲು ನಡೆಯುತ್ತಿರುವ ಒತ್ತುವರಿ ಮಾತ್ರ ಅವರಿಗೆ ಕಾಣುವುದಿಲ್ಲ. ಚಿನ್ನು ಅಂಬೆಗಾಲಿಟ್ಟಾಗ ನೆಲದ ಮೇಲಿದ್ದ ಚಪ್ಪಲಿ, ಪೇಪರು, ಈಳಿಗೆಮಣೆ ಕುರ್ಚಿ ಹತ್ತಿದವು. ಎದ್ದು ನಿಂತಾಗ ಕುರ್ಚಿಯ ಮೇಲಿದ್ದದ್ದು ಮೇಜಿಗೆ ಹೋಯಿತು. ಹತ್ತಲು ಕಲಿತ ಮೇಲೆ ಮೇಜಿನದು ಬೀರುವಿನ ತಲೆಗೆ, ಅಲ್ಲಿಂದ ಅಟ್ಟಕ್ಕೆ. ಈಗ ಟೀವಿ ರಿಮೋಟು ಫ್ರಿಜ್ಜಿನ ಮೇಲೆ, ತಾತನ ಬಿಪಿ ಮಾತ್ರೆ ಶೋಕೇಸಿನ ನೆತ್ತಿಯಲ್ಲಿ, ಕನ್ನಡಕ ಗಣಪತಿ ಪಟದ ಹಿಂದೆ. ಕುಳ್ಳಗಿರುವ ಅಜ್ಜಿಗೆ ಒಂದೂ ಸಿಗುವುದಿಲ್ಲ. ಚಿನ್ನುವಿಗೆ ಎಲ್ಲವೂ ಸಿಗುತ್ತದೆ. ಮೊದಲು ಮೋಡಾ, ಮೋಡಾದಿಂದ ಸೋಫಾದ ಕೈ, ಅಲ್ಲಿಂದ ಕಿಟಕಿ. ಹತ್ತುವುದನ್ನು ತಾತ ಕಂಡರೆ ಇಳಿಸುವುದಿಲ್ಲ, ವಿಡಿಯೊ ಮಾಡುತ್ತಾರೆ. ಇಳಿಸುವುದು ಸೊಸೆಯ ಕೆಲಸ, ಅವಳ ಆಫೀಸಿನ ಮೀಟಿಂಗು ಆ ಹೊತ್ತಿಗೆ ನಡೆಯುತ್ತಿದ್ದರೂ ಸರಿಯೇ.

ಒಮ್ಮೆ ಅವರ ಮನೆಯಲ್ಲಿ ಕಾಫಿ ಕುಡಿಯುತ್ತಾ, "ನಿಮ್ಮ ಮಗನೂ ಹೀಗೇ ಚುರುಕಾಗಿದ್ನಾ?" ಅಂತ ಕೇಳಿದೆ. ತಾತ ಲೋಟ ಕೆಳಗಿಟ್ಟು ಫ್ಯಾನ್ ನೋಡಿದರು. ಉತ್ತರ ಅಡುಗೆಮನೆಯಿಂದ ಬಂತು.

"ಮಗ ಮೊದಲ ಹೆಜ್ಜೆ ಇಟ್ಟಾಗ ಇವರೆಲ್ಲಿದ್ರು ಕೇಳಿ. ಹೆಗ್ಗಡದೇವನಕೋಟೇಲಿ ಯಾರೋ ಅಣ್ಣತಮ್ಮಂದಿರ ಹೊಲಕ್ಕೆ ಪೋಡಿ ಮಾಡ್ತಿದ್ರು. ಕ್ಯಾಂಪ್ ಮುಗಿಸ್ಕೊಂಡು ಬರೋ ಹೊತ್ತಿಗೆ ಅವನು ಬೀದೀಲಿ ಓಡ್ತಿದ್ದ."

"ಅದು ಹೈಕೋರ್ಟಿಗೆ ಹೋದ ಕೇಸು," ಅಂದರು ತಾತ, ಬಹಳ ಗಂಭೀರವಾಗಿ.

ಮಾತಿನ ವಿಚಾರಕ್ಕೆ ಬಂದರೆ, ಚಿನ್ನುವಿನ ನಾಲಿಗೆಯಲ್ಲಿ ಸದಾ ಇರುವುದು ಎರಡು: 'ಬೇಡ' ಮತ್ತು 'ನಾನೇ'. ಬೇಡ ಬೇಡ ಅನ್ನುತ್ತಲೇ ಬಾಯಿ ಕಳೆದು ಅನ್ನ ತಿನ್ನುತ್ತಾನೆ. ನಾನೇ ನಾನೇ ಅಂತ ಎಡಗಾಲಿನ ಚಪ್ಪಲಿಗೆ ಬಲಗಾಲು ತೂರಿಸುತ್ತಾನೆ. ಆ ಚಪ್ಪಲಿಯೂ ಅಜ್ಜಿ 'ಬೆಳೆಯೋ ಮಗು' ಅಂತ ಎರಡು ಸೈಜು ದೊಡ್ಡದು ತಂದದ್ದು. ಕಾಲಿಗೆ ಸರಿಹೊಂದುವ ಹೊತ್ತಿಗೆ ಬಾರು ಕಿತ್ತಿರುತ್ತದೆ. ತಾತನ ಪಟ್ಟಿಯಲ್ಲಿ ಮಾತ್ರ ಈ ಎರಡು ಪದಗಳ ಕೆಳಗೆ ಇನ್ನೂ ನೂರಾರು ಇವೆ. ಒಂದು ದಿನ ಹುಡುಗ 'ಗುಂತೆ, ಗುಂತೆ' ಅಂತ ಕೈಚಾಚಿ ಅತ್ತಿದ್ದೇ ತಡ, ಮೊಮ್ಮಗ 'ಗುಂಟೆ' ಅಂದನೆಂದು ಬೀದಿಗೆಲ್ಲ ಸಾರಿಬಂದರು. ರಕ್ತದಲ್ಲೇ ಬಂದಿರೋದು ಸ್ವಾಮಿ, ಕಲಿಸಬೇಕಾಗಿಲ್ಲ! "ಮಾವ, ಅವನು ಕೇಳ್ತಿರೋದು ಗೊಂಬೆ" ಅಂತ ಸೊಸೆ ಚನ್ನಪಟ್ಟಣದ ಮರದ ಗೊಂಬೆ ತಂದು ಕೈಗಿಟ್ಟಳು. ಅಳು ನಿಂತಿತು. ಪಟ್ಟಿಯಿಂದ 'ಗುಂಟೆ' ಮಾತ್ರ ಹೋಗಲಿಲ್ಲ.

ಮುಡಿ ಕೊಡಿಸಲು ನಂಜನಗೂಡಿಗೆ ಹೋದ ದಿನದ ಕಥೆಯನ್ನು ಅವರ ಬಾಯಲ್ಲೇ ಕೇಳಬೇಕು. ಬಸ್ಸಿನಲ್ಲಿ ಹೆಂಡತಿಗೂ ಸೊಸೆಗೂ ಶಕ್ತಿ ಯೋಜನೆ, ಆರು ವರ್ಷದೊಳಗಿನ ಚಿನ್ನುವಿಗೂ ಟಿಕೆಟ್ ಇಲ್ಲ. ಕುಟುಂಬದಲ್ಲಿ ದುಡ್ಡು ಬಿಚ್ಚುವವರು ಇವರೊಬ್ಬರೇ. ಅದರ ಬೇಸರವಿಲ್ಲ. ಇಷ್ಟೆತ್ತರದ ಹುಡುಗನನ್ನು ನೋಡಿ ಕಂಡಕ್ಟರ್ ಅನುಮಾನಪಡುತ್ತಾನೆ, ಅರ್ಧ ಟಿಕೆಟ್ ಕೇಳುತ್ತಾನೆ, ಆಗ ತಾವು ತಾಯಿ ಕಾರ್ಡು ತೆಗೆದು ತೋರಿಸಬೇಕು ಅಂತ ಕಾದು ಕುಳಿತಿದ್ದರು. ಕಂಡಕ್ಟರ್ ಹುಡುಗನ ಕಡೆ ತಿರುಗಲೂ ಇಲ್ಲ.

"ಇವನಿಗೆ ಎರಡೇ ವರ್ಷ ಕಣಪ್ಪಾ," ಅಂದರು ಇವರೇ.

"ಯಾರು ಕೇಳಿದ್ರು ಯಜಮಾನ್ರೇ, ಮುಂದೆ ಹೋಗಿ," ಅಂದನಂತೆ ಅವನು.

ಮುಡಿ ಕೊಟ್ಟು ಬಂದ ಮೇಲಿನ ಒಂದನೇ ತಾರೀಖಿಗೆ ಇನ್ನೊಂದು ಪೆಟ್ಟು. ಗೀಟು ಹಿಂದಿನ ತಿಂಗಳಿಗಿಂತ ಕೂದಲೆಳೆಯಷ್ಟು ಕೆಳಗೆ ಬಿತ್ತು. ಇಷ್ಟು ದಿನ ಗುಂಗುರು ಕೂದಲನ್ನೂ ಸೇರಿಸಿ ಅಳೆದಿದ್ದರೆಂದು ಉಳಿದವರಿಗೆಲ್ಲ ಅರ್ಥವಾಯಿತು. ಅಳತೆ ಬರೆದಿಡುವ ಪುಸ್ತಕದ ಷರಾ ಅಂಕಣದಲ್ಲಿ ಅವರು ಬರೆದದ್ದು ಇಷ್ಟು: 'ಮುಡಿ ಕೊಟ್ಟಿದೆ. ವ್ಯತ್ಯಾಸ ಪರಿಗಣಿಸತಕ್ಕದ್ದಲ್ಲ.'

ಸರ್ಕಾರದ ಮೇಲೂ ಅವರಿಗೊಂದು ಸಿಟ್ಟಿದೆ. ಒಂದನೇ ಕ್ಲಾಸಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುತ್ತದೆ ನಿಯಮ. ಚಿನ್ನು ಹುಟ್ಟಿದ್ದು ಜೂನ್ 20. "ಹತ್ತೊಂಬತ್ತು ದಿನಕ್ಕೆ ಇಡೀ ಒಂದು ವರ್ಷ ಖರಾಬು ಬರೆದುಬಿಟ್ರಲ್ಲ ಸ್ವಾಮಿ!" 2025-26ರಲ್ಲಿ ಒಂದು ಸಲಕ್ಕೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಂಡು ಮನವಿ ಬರೆದಿಟ್ಟಿದ್ದಾರೆ. ಹುಡುಗ ಒಂದನೇ ಕ್ಲಾಸಿಗೆ ಹೋಗಲು ಇನ್ನೂ ನಾಲ್ಕು ವರ್ಷವಿದೆ, ಚಡ್ಡಿಯಲ್ಲಿ ಉಚ್ಚೆ ಹೊಯ್ಯುವುದೇ ಇನ್ನೂ ನಿಂತಿಲ್ಲ ಅಂತ ಹೇಳಿ ಪ್ರಯೋಜನವಿಲ್ಲ. ಫೈಲು ಮೂವ್ ಆಗೋಕೆ ಟೈಮ್ ಬೇಕು ಅನ್ನುತ್ತಾರೆ. ಅದು ಅನುಭವದ ಮಾತು.

ಕೆರೆ ಏರಿಯ ಮೇಲೆ ಅವರಿಗೊಬ್ಬರು ಪ್ರತಿವಾದಿ ಇದ್ದಾರೆ, ಬ್ಯಾಂಕಿನಿಂದ ನಿವೃತ್ತರಾದ ಡಲ್ಲಾಸ್ ಅಜ್ಜ. ಅವರ ಮೊಮ್ಮಗಳಿಗೂ ಹೆಚ್ಚುಕಡಿಮೆ ಇಷ್ಟೇ ವಯಸ್ಸು, ಇರುವುದು ಅಮೆರಿಕದಲ್ಲಿ. "ನಮ್ಮವಳು ಪೂರ್ತಿ ವಾಕ್ಯ ಮಾತಾಡ್ತಾಳೆ," ಅಂತ ಅವರಂದರೆ, "ಯಾವ ಭಾಷೇಲಿ?" ಅಂತ ಇವರು. ಅವರು ಅಲ್ಲಿನ ಡಾಕ್ಟರು ಹೇಳಿದ ಇಂಚು, ಪೌಂಡು ಒಪ್ಪಿಸಿದರೆ, "ಸ್ಥಳ ಪರಿಶೀಲನೆ ಆಗದೆ ನಾನು ಒಪ್ಪಲ್ಲ" ಅಂತ ಮುಗಿಸುತ್ತಿದ್ದರು.

ಕಳೆದ ವಾರ ಸ್ಥಳ ಪರಿಶೀಲನೆಗೆ ಅವಕಾಶ ಬಂತು. ಮೊಮ್ಮಗಳು ರಜೆಗೆ ಬಂದಳು. ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರು. ಬರಿಗಣ್ಣಿಗೇ ಕಾಣುತ್ತಿತ್ತು, ಹುಡುಗಿ ಎರಡು ಬೆರಳು ಮೇಲೆ.

"ಶೂ ಬಿಚ್ಚಿಸಿ," ಅಂದರು ಚಿನ್ನು ತಾತ. ಬಿಚ್ಚಿಸಿದರು. "ಜುಟ್ಟು ಲೆಕ್ಕಕ್ಕಿಲ್ಲ." ಜುಟ್ಟನ್ನೂ ಬಿಚ್ಚಿಸಿದರು. ಜೇಬಿನಿಂದ ಟೇಪು ಬಂತು. ನೆಲ ಅಲ್ಲಿ ಏರುಪೇರಾಗಿದೆ ಅಂತ ಜಾಗ ಬದಲಾಯಿಸಿದರು. ನನ್ನ ಕೈಯಲ್ಲಿದ್ದ ಪೇಪರು ಮಡಚಿ ಹುಡುಗಿಯ ತಲೆಯ ಮೇಲೆ ಒತ್ತಿ ಹಿಡಿದರು. 90. ಚಿನ್ನುವನ್ನು ಅಳೆಯಲು ಹೋದರೆ ಅವನು ನಿಲ್ಲುವವನೇ ಅಲ್ಲ. 'ಬೇಡ' ಅಂತ ನೆಲಕ್ಕೆ ಕುಕ್ಕರಿಸಿದ. ಎತ್ತಿ ನಿಲ್ಲಿಸಿದರೆ ಕಾಲು ಮಡಚಿ ನೇತಾಡಿದ. ಅಷ್ಟರಲ್ಲಿ ಹುಡುಗಿ ಬಿಚ್ಚಿಟ್ಟ ಶೂ ಕಣ್ಣಿಗೆ ಬಿತ್ತು. ಹೆಜ್ಜೆ ಇಟ್ಟರೆ ಕೆಂಪು ದೀಪ ಹೊತ್ತುವ ಶೂ. 'ನಾನೇ' ಅಂತ ಎಡಬಲ ನೋಡದೆ ಕಾಲು ತೂರಿಸಿದ. ಅವಳು ಅವನ ಬಾರು ಕಿತ್ತ ಚಪ್ಪಲಿ ಹಾಕಿಕೊಂಡಳು. ಇಬ್ಬರೂ ಓಡಿದರು. ಹಿಂದೆ ಒಬ್ಬ ಅಜ್ಜ ಹುಷಾರು ಹುಷಾರು ಅಂತ, ಇನ್ನೊಬ್ಬ ತಾತ ಬಿಚ್ಚಿದ ಟೇಪು ಎಳೆದುಕೊಂಡು.

ಮಾರನೆಯ ದಿನ ಡಲ್ಲಾಸ್ ಅಜ್ಜ ಏರಿಯ ಮೇಲೆ ಎದೆಯುಬ್ಬಿಸಿಕೊಂಡೇ ಬಂದರು. ಇವತ್ತಾದರೂ ಚಿನ್ನು ತಾತ ತಪ್ಪಿಸಿಕೊಳ್ಳುತ್ತಾರೆ ಅಂದುಕೊಂಡಿದ್ದೆವು. ನಮಗಿಂತ ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಹೊಸ ನೋಟುಪುಸ್ತಕ.

"ಎತ್ತರದ್ದು ಬಿಡಿ ಸ್ವಾಮಿ, ಅದು ತಕರಾರಿನಲ್ಲಿದೆ," ಅಂದರು. "ನಿಮ್ಮವಳಿಗೆ ಹಲ್ಲೆಷ್ಟು ಬಂದಿದೆ ಹೇಳಿ."