ಲಿಂಬಿಕಾಯಿ ಪಾಸಾತು

(ಇಂಡಿ. ಕಟ್ಟಿ ಮ್ಯಾಲೆ ಅಪ್ಪ, ಕೈಯಾಗ ಚಾ. ಲರ್ನರ್ ಲೈಸೆನ್ಸ್ ಪರೀಕ್ಷಾ ಅವಂದು, ಓದೂ ಕಷ್ಟ ಮಗಳದು.)

ಮಗಳು: ಹಾರ್ನಿನ ಚಿತ್ರದ ಮ್ಯಾಲೆ ಕೆಂಪು ಗೆರಿ. ಏನರ್ಥ?

ಅಪ್ಪ: ಹಾರ್ನ್ ಕೆಟ್ಟದ.

ಮಗಳು: ಹಾರ್ನ್ ಹೊಡೀಬಾರದು ಅಂತ!

ಅಪ್ಪ: ಹಂಗಾರ ಸಂತ್ಯಾಗ ಎಮ್ಮಿಗೆ ಅರ್ಜಿ ಬರೀಲೇನು?

ಮಗಳು: ಸರ್ಕಲ್‌ನಾಗ ಮೊದಲು ಯಾರಿಗೆ ದಾರಿ?

ಅಪ್ಪ: ಕಬ್ಬಿನ ಟ್ರ್ಯಾಕ್ಟರಿಗೆ. ಎರಡು ಟ್ರೇಲರ್ ಇದ್ರ ಎರಡು ಸಲ.

ಮಗಳು: ಬಲಗಡೆಯಿಂದ ಬರೂ ಗಾಡಿಗಪ್ಪಾ!

ಅಪ್ಪ: ಟ್ರ್ಯಾಕ್ಟರ್ ಎಲ್ಲಾ ಕಡೆಯಿಂದಾನೂ ಬರ್ತದವ್ವಾ.

ಮಗಳು: ಬೈಕ್ ಮ್ಯಾಲೆ ಎಷ್ಟು ಮಂದಿ?

ಅಪ್ಪ: ಜಾತ್ರಿಗೋ, ಕೋರ್ಟಿಗೋ?

ಮಗಳು: ಎಲ್ಲಿಗಾದ್ರೂ ಇಬ್ಬರ. 1988ರ ಕಾಯ್ದೆ, 128ನೇ ಕಲಂ.

ಅಪ್ಪ: ನಾ ಗಾಡಿ ಕಲ್ತದ್ದು 1987ರಾಗ. ನನಗ ಹತ್ತೂದಿಲ್ಲ.

ಮಗಳು: ತಮ್ಮ ಹೈಸ್ಕೂಲ್ ಹುಡುಗ. ನಿನ್ನ ಬೈಕ್ ಒಯ್ದು ಸಿಕ್ಕಿಬಿದ್ರ?

ಅಪ್ಪ: ಅವಂಗ ನಾಕು ಬೈತಾರ, ಬಿಡ್ತಾರ.

ಮಗಳು: 2019ರ ತಿದ್ದುಪಡಿ ಪ್ರಕಾರ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು. ಅವಂಗಲ್ಲ, ನಿನಗ.

ಅಪ್ಪ: (ಚಾ ಕೆಳಗಿಟ್ಟು) ಗಾಡಿಗೆ ಲಿಂಬಿಕಾಯಿ ಕಟ್ಟೀನಲ್ಲ! ಸಾದಾ ಅಲ್ಲ, ಜಿಐ ಟ್ಯಾಗ್ ಇರೂ ಇಂಡಿ ಲಿಂಬಿ!

ಮಗಳು: ಅದೇನು ಲೈಸೆನ್ಸಾ?

ಅಪ್ಪ: ಸರ್ಕಾರದ ಕಾಗದ ಅದಕ್ಕರ ಐತಿ. ಒಂದು ಪ್ರಶ್ನಿಗೂ ಉತ್ತರ ಹೇಳ್ಲಾರದ ಪಾಸಾತು ನೋಡು!